ಗಾಯ ತೊಳೆದ ಬೆಳಿಗ್ಗೆ

ನನ್ನ ತಮ್ಮನ ಕಾಲಿನ ಗಾಯದಿಂದ ಮಾದರಿ ತೆಗೆಯುವ ಮೊದಲೇ ಆ ಗಾಯವನ್ನು ಅಯೋಡಿನ್ ಹಾಕಿ ತೊಳೆದರು. ನಮಗೆ ಆದ ಅನ್ಯಾಯ ಇದು. ಹೇಳಿದರೆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಬಹುಶಃ ಅದಕ್ಕಾಗಿಯೇ ಯಾರಿಗೂ ಅದು ದೊಡ್ಡದಾಗಿ ಕಾಣಲಿಲ್ಲ. ತೊಳೆಯಬೇಡಿ, ಮೊದಲು ಮಾದರಿ ತೆಗೆಯಿರಿ, ಆಮೇಲೆ ಬೇಕಾದಷ್ಟು ತೊಳೆಯಿರಿ ಎಂದು ಹಿಂದಿನ ದಿನವೇ ನಾನು ಹೇಳಿದ್ದೆ. ಕೇಳಿದವರು ತಲೆಯಾಡಿಸಿದ್ದರು. ಮರುದಿನ ತೊಳೆದರು. ತಮ್ಮ ಈಗ ಇಲ್ಲ.

ನಾನು ಕಾರವಾರದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮನೆ ಸದಾಶಿವಗಡದಲ್ಲಿ. ನಾನು ಕಲಿಸುತ್ತಿದ್ದ ಪಾಠಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸುಗಳದ್ದೂ ಒಂದಿತ್ತು. ಫೇಜ್ ಎಂದು ಅವುಗಳ ಹೆಸರು. ಮನುಷ್ಯನ ಜೀವಕೋಶದ ಗೊಡವೆಗೆ ಅವು ಹೋಗುವುದಿಲ್ಲ. ತಮಗೆ ಒಗ್ಗುವ ಬ್ಯಾಕ್ಟೀರಿಯಾದ ಮೈಮೇಲೆ ಕುಳಿತು, ತಮ್ಮ ಡಿಎನ್‌ಎಯನ್ನು ಒಳಗೆ ಚುಚ್ಚಿ, ಅದರ ಒಡಲಲ್ಲೇ ಮರಿಗಳನ್ನು ಮಾಡಿಸಿ, ಕೊನೆಗೆ ಅದನ್ನು ಒಡೆದುಕೊಂಡು ಹೊರಬರುತ್ತವೆ. ಪರೀಕ್ಷೆಗೆ ಬರುವುದಿಲ್ಲವೆಂದು ಮಕ್ಕಳು ಬಿಟ್ಟುಬಿಡುತ್ತಿದ್ದ ಆ ಪಾಠ ನನಗೆ ಮಾತ್ರ ಇಷ್ಟದ್ದಾಗಿತ್ತು. ಅದು ಒಂದು ದಿನ ನನ್ನ ಮನೆಯವರ ಮೈಮೇಲೆಯೇ ನಡೆಯುತ್ತದೆಂದು ಆಗ ತಿಳಿದಿರಲಿಲ್ಲ.

ತಮ್ಮ ಅಂಕೋಲೆಯ ಕೇಣಿಯಲ್ಲಿ ಗಜನಿ ಮಾಡಿಕೊಂಡಿದ್ದ. ಹಳ್ಳದ ಉಪ್ಪುನೀರು ನುಗ್ಗುವ ತಗ್ಗು ಭೂಮಿಗೆ ಮಣ್ಣಿನ ಕಟ್ಟು ಹಾಕಿ, ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಕಟ್ಟಿನ ಬಾಗಿಲು ತೆಗೆದು ಸಿಗಡಿಗೆ ನೀರು ಬಿಡುವ ಒಕ್ಕಲುತನ ಅದು. ಒಬ್ಬನಿಂದ ಆಗುವುದಲ್ಲ, ಕಟ್ಟು ಎಲ್ಲರದು, ಗದ್ದೆ ಮಾತ್ರ ಅವರವರದು.

ಆ ಮಳೆಗಾಲದ ಒಂದು ದೊಡ್ಡ ಉಬ್ಬರಕ್ಕೆ ಹೊರಕಟ್ಟು ಸರಿಯಾಗಿ ತಮ್ಮನ ಗದ್ದೆಯ ತಲೆಯಲ್ಲೇ ಒಡೆಯಿತು. ಅಂಥ ಹೊತ್ತಿಗೆ ನಮ್ಮ ಕಡೆ ಒಂದು ರೂಢಿ ಇದೆ. ನೀರಿನ ರಭಸಕ್ಕೆ ಒಡೆದ ಬಾಯಿಯನ್ನು ಮುಚ್ಚಲಾಗದಿದ್ದರೆ ಮುಳುಗಿದ ಗದ್ದೆಯನ್ನು ಬಿಟ್ಟುಕೊಟ್ಟು, ಅದರ ಹಿಂದೆ ಅವಸರದಲ್ಲಿ ಒಂದು ಒಳಕಟ್ಟು ಹಾಕುತ್ತಾರೆ. ಒಂದು ಗದ್ದೆ ಹೋಗುತ್ತದೆ, ಮಿಕ್ಕವು ಉಳಿಯುತ್ತವೆ. ಆದರೆ ಆ ಮಾತನ್ನು ಮುಳುಗಿದ ಗದ್ದೆಯವನೇ ಆಡಬೇಕು. ಅವನು ಆಡುವ ತನಕ ಉಳಿದವರು ಹಾರೆ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ತಮ್ಮ ಬಹಳ ಹೊತ್ತು ನಿಲ್ಲಿಸಲಿಲ್ಲವಂತೆ. “ನಂದು ಹೋಯ್ತು, ಅಡ್ಡ ಕಟ್ಟೂಕೆ ಶುರು ಮಾಡಿ” ಎಂದು ತಾನೇ ಮೊದಲು ನೀರಿಗೆ ಇಳಿದನಂತೆ. ತನ್ನ ಗದ್ದೆಯನ್ನು ಹೊರಗಿಟ್ಟು ಹಾಕುವ ಕಟ್ಟಿಗೆ ತಾನೇ ಮಣ್ಣು ಹೊರುತ್ತಿದ್ದಾಗ ಕಲ್ಲಿಗೆ ಅಂಟಿದ ಕಲ್ವದ, ಅಂದರೆ ಸಿಂಪಿಯ, ಹರಿತ ಚಿಪ್ಪು ಅವನ ಅಂಗಾಲನ್ನು ಸೀಳಿತು. ಸಕ್ಕರೆ ಕಾಯಿಲೆಯವನು. ಅರಿಶಿನ ಒತ್ತಿ ಬಟ್ಟೆ ಕಟ್ಟಿಕೊಂಡು ಕೆಲಸ ಮುಗಿಸಿಯೇ ಮನೆಗೆ ಬಂದ.

ಗಾಯ ಮಾಯಲಿಲ್ಲ. ಕೇಣಿಯಿಂದ ಅಂಕೋಲೆಗೆ, ಅಲ್ಲಿಂದ ಕಾರವಾರಕ್ಕೆ, ಒಬ್ಬರಾದ ಮೇಲೆ ಒಬ್ಬರು ವೈದ್ಯರನ್ನು ನೋಡಿದೆವು. ಕೊನೆಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಆ ಆಸ್ಪತ್ರೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಯಾರಿಗೆ ಗೊತ್ತಾಗಬೇಕೋ ಅವರಿಗೆ ಗೊತ್ತಾಗುತ್ತದೆ. ಪಟ್ಟಿ ಬಿಚ್ಚಿದಾಗ ಬಟ್ಟೆಯ ಮೇಲೆ ಹಸಿರು ಕಲೆ, ಕಳಿತ ದ್ರಾಕ್ಷಿಯಂಥ ಸಿಹಿ ವಾಸನೆ. ಪ್ರಯೋಗಾಲಯದಲ್ಲಿ ಆಯುಷ್ಯ ಕಳೆದವಳಿಗೆ ಆ ವಾಸನೆ ಸಾಕು. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಯಾವ ಆಂಟಿಬಯೋಟಿಕ್ಕಿಗೂ ಬಗ್ಗದ ಜಾತಿಯದು ಎಂದು ಆಮೇಲೆ ವರದಿ ಬಂತು. ಹಿರಿಯ ವೈದ್ಯರು ಕಾಲು ತೆಗೆಯುವ ಮಾತೆತ್ತಿದರು. ಕೋಣೆಯಲ್ಲಿ ಇನ್ನೊಂದು ಕುರ್ಚಿ ಇದ್ದರೂ ಅವರು ನನ್ನನ್ನು ನಿಲ್ಲಿಸಿಯೇ ಮಾತಾಡಿದ್ದು.

ಕಾಲಿಲ್ಲದೆ ಗಜನಿಗೆ ಇಳಿಯುವುದು ಹೇಗೆಂದು ತಮ್ಮ ಅಳಲಿಲ್ಲ. “ಕಟ್ಟಿನ ಬಾಗಿಲ ಮೇಲೆ ಕೂತ್ಕಂಡು ಉಳಿದವ್ರಿಗೆ ಬೈಯೂಕೆ ಒಂದು ಕಾಲು ಸಾಕು” ಎಂದ. ಅವನ ಹೆಂಡತಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಕಾರವಾರದ ಬಳಿಯ ಕಿನ್ನರ ಊರಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರದ ಊರಿನ ಸಂಶೋಧನಾಲಯದಲ್ಲಿ ಫೇಜುಗಳ ಮೇಲೆಯೇ ಕೆಲಸ ಮಾಡುತ್ತಾಳೆ. ಅವಳಿಗೆ ಫೋನು ಮಾಡಿದೆ. ಬೇರೆ ದಾರಿ ಇಲ್ಲದ ರೋಗಿಗೆ, ರೋಗಿಯ ಒಪ್ಪಿಗೆಯಿಂದ ಫೇಜ್ ಕೊಟ್ಟು ನೋಡಬಹುದು. ಆದರೆ ಈ ಬ್ಯಾಕ್ಟೀರಿಯಾವನ್ನೇ ಹಿಡಿಯುವ ಫೇಜ್ ಸಿಗಬೇಕು, ಒಂದನ್ನು ಹಿಡಿಯುವುದು ಇನ್ನೊಂದನ್ನು ಮುಟ್ಟುವುದಿಲ್ಲ ಎಂದಳು. ಬ್ಯಾಕ್ಟೀರಿಯಾ ಇರುವಲ್ಲಿ ಅದರ ಶತ್ರುವೂ ಇರುತ್ತದೆ. ಹುಡುಕಬೇಕಾದದ್ದು ಕೊಳಕು ನೀರಿನಲ್ಲಿ. ನಾನು ಸೀಸೆಗಳನ್ನು ಹಿಡಿದು ಹೊರಟೆ. ಕಾಳಿ ಹೊಳೆಯ ಸೇತುವೆಯ ಬುಡ, ಮೀನು ಪೇಟೆಯ ಗಟಾರ, ಕೇಣಿಯ ಹಳ್ಳ, ಆಸ್ಪತ್ರೆಯ ಹಿಂದಿನ ಚರಂಡಿ. ಚರಂಡಿಯ ಬಳಿ ಬಗ್ಗಿದ್ದಾಗ ಆಸ್ಪತ್ರೆಯ ಕಾವಲಿನವನು, ನಮ್ಮ ಕಡೆ ಹೆಂಗಸರನ್ನು ಕರೆಯುವ ಹಾಗೆ, “ಬಾಯಿ, ಏನ್ ಬಿದ್ದೋಯ್ತು?” ಎಂದು ಕೇಳಿದ. ಏನೂ ಬೀಳಲಿಲ್ಲ, ಔಷಧಿ ಹುಡುಕುತ್ತಿದ್ದೇನೆ ಎಂದೆ. ಅವನು ದೂರ ಸರಿದು ನಿಂತ.

ಸೀಸೆಗಳ ಜೊತೆಗೆ, ಆಸ್ಪತ್ರೆಗೆ ಸೇರಿಸಿದ ದಿನ ತಮ್ಮನ ಗಾಯದಿಂದ ತೆಗೆದಿದ್ದ ಮಾದರಿಯನ್ನೂ ವಿದ್ಯಾರ್ಥಿನಿಗೆ ಕಳಿಸಿದೆ. ಔಷಧಿ ಸಿಕ್ಕಿದ್ದು ಆ ಚರಂಡಿಯಲ್ಲೇ. ವಿದ್ಯಾರ್ಥಿನಿ ಫೋಟೋ ಕಳಿಸಿದಳು. ತಟ್ಟೆಯ ತುಂಬ ಮಂಜಿನ ಹಾಗೆ ಹರಡಿದ ತಮ್ಮನ ಬ್ಯಾಕ್ಟೀರಿಯಾ, ಅದರ ನಡುವೆ ಅಲ್ಲಲ್ಲಿ ದುಂಡಗೆ ತಿಳಿಯಾದ ತೂತುಗಳು. ಪ್ರತಿ ತೂತೂ ಫೇಜ್ ತಿಂದು ಖಾಲಿ ಮಾಡಿದ ಜಾಗ. ತಮ್ಮನಿಗೆ ಫೋನು ಹಿಡಿದು ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, ಇಳಿತದ ಹೊತ್ತಿಗೆ ಗಜನಿಯ ಕೆಸರಿನಲ್ಲಿ ಏಡಿ ಬಿಲ ಹೀಗೇ ಕಾಣುತ್ತದೆ ಎಂದ.

ಹಿರಿಯ ವೈದ್ಯರು ಒಪ್ಪಿದರು. ಮೊದಲು ಅನುಮಾನದಿಂದ, ಆಮೇಲೆ, ಜಿಲ್ಲೆಯಲ್ಲೇ ಇದು ಹೊಸದೆಂದು ಮನವರಿಕೆಯಾದ ಮೇಲೆ, ಉತ್ಸಾಹದಿಂದ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂದ ತಿಳಿನೀರಿನಂಥ ದ್ರವವನ್ನು ಗಾಯಕ್ಕೆ ಬಿಡತೊಡಗಿದರು. ಹಸಿರು ಕಡಿಮೆಯಾಯಿತು. ವಾಸನೆ ಹೋಯಿತು. ಗಾಯದ ಅಂಚಿನಲ್ಲಿ ಎಳೆಯ ಕೆಂಪು ಮಾಂಸ ಕಂಡಿತು. ತಮ್ಮನ ಹೆಂಡತಿ ಅಂದು ಮೊದಲ ಸಲ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತು ಊಟ ಮಾಡಿದಳು. ಹಿರಿಯ ವೈದ್ಯರು ವಾರ್ಡಿನಲ್ಲಿ ಯಾರಿಗೋ “ನಮ್ಮ ಪ್ರಯೋಗ” ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ನಾನು ತಿದ್ದಲಿಲ್ಲ. ತಮ್ಮನ ಕಾಲು ಉಳಿಯುವುದಾದರೆ ಆ ಚರಂಡಿಯನ್ನೂ ಅವರೇ ಅಗೆದರೆಂದು ಹೇಳಿಕೊಳ್ಳಲಿ ಎಂದುಕೊಂಡೆ.

ಆ ದಿನಗಳಲ್ಲಿ ಅವನಿಗೆ ಹೊತ್ತು ಹೋಗದು. ನನಗೆ ಪಾಠ ಹೇಳದೆ ಇರಲಾಗದು. ಬ್ಯಾಕ್ಟೀರಿಯಾ ಸುಮ್ಮನೆ ಸಾಯುವುದಿಲ್ಲವೆಂದು ಅವನಿಗೆ ವಿವರಿಸಿದೆ. ಕೆಲವು ತಮ್ಮ ಮೈಯ ಮೇಲೆ ಫೇಜ್ ಕೂರುವ ಜಾಗವನ್ನೇ ಬದಲಿಸುತ್ತವೆ. ಕೆಲವು ಒಳಗೆ ಬಂದ ಪರಕೀಯ ಡಿಎನ್‌ಎಯನ್ನು ಗುರುತಿಸಿ ಕತ್ತರಿಸುತ್ತವೆ. ಇನ್ನು ಕೆಲವು, ಸೋಂಕು ತಗಲಿತೆಂದು ಗೊತ್ತಾದೊಡನೆ, ವೈರಸ್ಸು ಮರಿಹಾಕುವ ಮೊದಲೇ ತಾವಾಗಿ ಸತ್ತುಹೋಗುತ್ತವೆ; ಹಾಗೆ ಸುತ್ತಲಿನ ತಮ್ಮವರು ಉಳಿಯುತ್ತಾರೆ. ಇದನ್ನು ಕೇಳಿ ಅವನು ನನ್ನ ಕಡೆ ಮಗ್ಗುಲಾದ.

“ಅಂದ್ರೆ ಅವಕ್ಕೂ ಒಳಕಟ್ಟು ಹಾಕೂಕೆ ಬತ್ತದೆ ಅನ್ನು.”

ಹೌದು ಎಂದೆ. ನಾನು ಇಷ್ಟು ವರ್ಷ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಹೇಳಿದ್ದನ್ನು ಅವನು ಒಂದು ಮಾತಿನಲ್ಲಿ ಹೇಳಿದ್ದ. ಆದರೆ ಅವುಗಳ ಪರವಾಗಿ ಅವನ ದನಿಯಲ್ಲಿ ಒಂದು ಮರುಕ ಇದ್ದದ್ದು ನನಗೆ ಸರಿಬರಲಿಲ್ಲ. ಶತ್ರು ಕಣೋ ಅದು, ನಿನ್ನ ಕಾಲು ತಿನ್ನುತ್ತಿದೆ ಎಂದೆ. ಅವನು ನಕ್ಕ.

ಹಸಿರು ಮತ್ತೆ ಬಂತು. ಮೊದಲು ಪಟ್ಟಿಯ ಒಂದು ಮೂಲೆಯಲ್ಲಿ, ಆಮೇಲೆ ಉದ್ದಕ್ಕೂ. “ಎಂಥ ಅಕ್ಕಾ, ನಿನ್ನ ಹುಳ ಹೊಟ್ಟೆ ತುಂಬಿ ಮಲಕಂಡ್ವ ಹೆಂಗೆ?” ಎಂದು ತಮ್ಮ ಕೇಳಿದ. ಕಣ್ಣಲ್ಲಿ ನಗು ಇರಲಿಲ್ಲ.

ವಿದ್ಯಾರ್ಥಿನಿಗೆ ಆಶ್ಚರ್ಯವಾಗಲಿಲ್ಲ. ಇಂಥದ್ದು ಆಗುತ್ತದೆ ಮೇಡಮ್, ಇದಕ್ಕೆ ಉತ್ತರವೂ ಇರುತ್ತದೆ ಎಂದಳು. ಫೇಜಿನ ದಾಳಿಯಿಂದ ಉಳಿದುಕೊಂಡ ಬ್ಯಾಕ್ಟೀರಿಯಾಗಳು ಯಾವ ರಕ್ಷಣೆಯಿಂದ ಉಳಿದವೆಂದು ತಿಳಿಯಬೇಕು. ಅದನ್ನು ಮೀರುವ ಇನ್ನೊಂದು ಫೇಜನ್ನು ಅವುಗಳ ಮೇಲೆಯೇ ಪರೀಕ್ಷಿಸಿ ಆರಿಸಬೇಕು. ಮೊದಲು ಕಳಿಸಿದ ಮಾದರಿಯಿಂದ ಈಗ ಪ್ರಯೋಜನವಿಲ್ಲ. ಅದು ಫೇಜನ್ನು ಇನ್ನೂ ಕಾಣದಿದ್ದ ಕಾಲದ್ದು. ಈಗ ಗಾಯದಲ್ಲಿರುವುದು ಬೇಕು, ಜೀವಂತವಾಗಿ ಬೇಕು. ಔಷಧಿ ತಾಗುವ ಮೊದಲು, ಗಾಯದ ಆಳದಿಂದ ತೆಗೆಯಬೇಕು. ಆಸ್ಪತ್ರೆಯವರಿಗೆ ಈ ಒಂದು ವಿಷಯ ಒತ್ತಿ ಹೇಳಿ ಎಂದು ಎರಡು ಸಲ ಹೇಳಿದಳು.

ಹೇಳಿದೆ. ಹಿರಿಯ ವೈದ್ಯರಿಗೆ ಹೇಳಿದೆ. ವಾರ್ಡಿನ ಕಿರಿಯ ವೈದ್ಯರಿಗೆ ಹೇಳಿದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ “ಆಯ್ತು, ಆಯ್ತು” ಎಂದರು. ಪಟ್ಟಿ ಕಟ್ಟುವ ನರ್ಸಿಗೂ ಹೇಳಿದೆ. ಆಕೆ ಒಳ್ಳೆಯ ಹೆಣ್ಣುಮಗಳು, ಅವಳ ಮೇಲೆ ನನ್ನ ಸಿಟ್ಟಿಲ್ಲ. ಅವಳು ಹೇಳಿದ್ದನ್ನು ಮಾಡುವವಳು. ಹೇಳಿದವರು ಬೇರೆ.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಹಿರಿಯ ವೈದ್ಯರು ವಾರ್ಡಿಗೆ ಬರುವ ಮೊದಲು ಎಲ್ಲರ ಪಟ್ಟಿ ಬಿಚ್ಚಿ, ಗಾಯ ತೊಳೆದು, ಕೊಳೆ ತೆಗೆದು, ಬಿಳಿ ಬಟ್ಟೆ ಮುಚ್ಚಿಡಬೇಕು. ಅವರು ಬಂದು ಬಟ್ಟೆ ಎತ್ತಿದಾಗ ಗಾಯ ಲಕ್ಷಣವಾಗಿ ಕಾಣಬೇಕು. ಗಲೀಜು ಕಂಡರೆ ಅವರು ರೇಗುತ್ತಿದ್ದರು. ಗಾಯ ಹೇಗಿದೆಯೆಂದು ನೋಡಲು ಬರುವ ವೈದ್ಯರಿಗೆ ಅದು ಹೇಗಿದೆಯೆಂದು ಎಂದೂ ಕಾಣದ ಹಾಗೆ ಮಾಡುವ ಪದ್ಧತಿ ಅದು. ಸಾಲದ್ದಕ್ಕೆ ಅಂದು ಈ ಹೊಸ ಚಿಕಿತ್ಸೆಯನ್ನು ನೋಡಲು ಹೊರ ಊರಿನಿಂದ ಇಬ್ಬರು ವೈದ್ಯರು ಬರುವವರಿದ್ದರು.

ನಾನು ಬಸ್ ನಿಲ್ದಾಣದಲ್ಲಿ, ಮಾದರಿ ಕಳಿಸಲೆಂದು ವಿದ್ಯಾರ್ಥಿನಿ ಬಸ್ಸಿಗೆ ಹಾಕಿದ್ದ ಖಾಲಿ ಪೆಟ್ಟಿಗೆಯನ್ನು ಬಿಡಿಸಿಕೊಳ್ಳಲು ನಿಂತಿದ್ದೆ. ವಾರ್ಡಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಮ್ಮನ ಕಾಲಿನ ಮೇಲೆ ಬೆಳ್ಳಗಿನ ಬಟ್ಟೆ. ಅದರ ಅಂಚಿನಲ್ಲಿ ಅಯೋಡಿನ್ನಿನ ಕಂದು ಕಲೆ. ಮೇಜಿನ ಮೇಲೆ ಮಾದರಿಯ ಕೊಳವೆ, ಮೇಲೆ ಹೆಸರು ಬರೆದು ಸಿದ್ಧ.

ಇದನ್ನು ತೊಳೆಯುವ ಮೊದಲು ತೆಗೆದಿರೋ ಆಮೇಲೆಯೋ ಎಂದು ಕೇಳಿದೆ. ನರ್ಸ್ ತಟ್ಟೆಯಲ್ಲಿದ್ದ ಹತ್ತಿಯನ್ನು ಒಟ್ಟುಮಾಡತೊಡಗಿದಳು. ತಮ್ಮನೇ ಹೇಳಿದ: “ಆಮೇಲೆ ಅಕ್ಕಾ. ನಾ ಹೇಳ್ದೆ, ನಮ್ಮ ಅಕ್ಕ ಬೈತದೆ ಅಂದೆ. ಸಾಯೇಬ್ರು ಬತ್ರು ಅಂದ್ರು.”

ಮತ್ತೆ ಬಿಚ್ಚಿ ಎಂದೆ. ಈಗ ಮೇಲೆ ಮೇಲೆ ಒರೆಸಿದರೆ ಪ್ರಯೋಜನವಿಲ್ಲ, ಮೇಲಿನದೆಲ್ಲ ಸತ್ತಿದೆ, ಆಳದಿಂದ ಕೆರೆದು ತೆಗೆಯಬೇಕು, ನೀವು ತೆಗೆಯದಿದ್ದರೆ ನಾನೇ ತೆಗೆಯುತ್ತೇನೆ ಎಂದೆ. ಕಿರಿಯ ವೈದ್ಯರು ಬಾಗಿಲ ಕಡೆ ನೋಡಿದರು. ಕಾರಿಡಾರಿನಲ್ಲಿ ಅತಿಥಿಗಳ ಮಾತು ಕೇಳುತ್ತಿತ್ತು. ಆಗ ಅವರು ಆಡಿದ್ದನ್ನು ನಾನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

“ಬಾಯಿ, ಇದು ನಿಮ್ಮ ಕಾಲೇಜಿನ ಲ್ಯಾಬ್ ಅಲ್ಲ. ನಿಮ್ಮ ಕ್ಲಾಸು ಮುಗಿದು ಬಹಳ ವರ್ಷ ಆಯ್ತು. ಹೊರಗೆ ಕೂತ್ಕೊಳ್ಳಿ.”

ನಾನು ಹೊರಗೆ ಕುಳಿತೆ. ಒಳಗೆ ಬಟ್ಟೆ ಎತ್ತಿದ್ದು ಕಾಣಲಿಲ್ಲ, ಎತ್ತಿದಾಗ ಅತಿಥಿಗಳು ಮೆಚ್ಚಿದ್ದು ಕೇಳಿಸಿತು. ಹಿರಿಯ ವೈದ್ಯರು ಹೊರಬಂದಾಗ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ನಾಳೆ ನೋಡೋಣ ಎಂದು ಅತಿಥಿಗಳನ್ನು ಚಹಾಕ್ಕೆ ಕರೆದುಕೊಂಡು ಹೋದರು.

ಆ ನಾಳೆ ಬರಲಿಲ್ಲ. ಕೊಳವೆಯಲ್ಲಿದ್ದುದರ ಅರ್ಧವನ್ನು ಆಸ್ಪತ್ರೆಯ ಪ್ರಯೋಗಾಲಯ ಇಟ್ಟುಕೊಂಡಿತ್ತು; ಉಳಿದರ್ಧವನ್ನು ನಾನು ವಿದ್ಯಾರ್ಥಿನಿಗೆ ಕಳಿಸಿದ್ದೆ. ಆಸ್ಪತ್ರೆಯಲ್ಲಿ ಅದರಲ್ಲಿ ಏನೂ ಬೆಳೆಯಲಿಲ್ಲ. ಬೆಳೆಯುವುದು ಹೇಗೆ? ಏನೂ ಬೆಳೆದಿಲ್ಲ ಎಂಬ ವರದಿಯನ್ನು ಹಿರಿಯ ವೈದ್ಯರು ಗಾಯದಲ್ಲಿ ಏನೂ ಇಲ್ಲ ಎಂದು ಓದಿದರು. ಫೇಜ್ ಚಿಕಿತ್ಸೆ ಸಫಲವಾಗಿದೆ, ಮನೆಗೆ ಹೋಗಬಹುದು ಎಂದರು. ನಾನು ಹಸಿರು ಕಲೆಯ ಮಾತು ಹೇಳಿದೆ, ವಾಸನೆಯ ಮಾತು ಹೇಳಿದೆ. ಅದು ಒಣಗುವಾಗಿನ ಬಣ್ಣ ಎಂದರು. ಅತ್ತ ವಿದ್ಯಾರ್ಥಿನಿಯೂ ಫೋನು ಮಾಡಿ, ತಟ್ಟೆ ಖಾಲಿ ಇದೆ ಮೇಡಮ್ ಎಂದಳು. ಖಾಲಿ ಎಂಬ ಆ ಒಂದೇ ಸಂಗತಿ ಅವಳನ್ನು ಹೆದರಿಸಿತು, ಇವರನ್ನು ಹಿಗ್ಗಿಸಿತು.

ಕೇಣಿಗೆ ಮರಳಿದ ದಿನವೇ ಸಂಜೆ ಚಳಿ ಹಿಡಿದು ಜ್ವರ ಏರಿತು. ಬೆಳಗಾಗುವಾಗ ಅವನಿಗೆ ನನ್ನ ಗುರುತು ಸಿಗುತ್ತಿರಲಿಲ್ಲ. ಕಾಳಿ ಸೇತುವೆ ದಾಟಿ, ನನ್ನ ಮನೆಯ ಮುಂದಿನಿಂದಲೇ ಹಾದು, ಗೋವೆಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಮೊದಲು ಮಾದರಿ ತೆಗೆದರು, ಆಮೇಲೆ ತೊಳೆದರು. ನಾನು ಕೇಳಬೇಕಾಗಲಿಲ್ಲ. ಅದು ಅಲ್ಲಿ ದಿನನಿತ್ಯದ ಕೆಲಸ. ಮೊಣಕಾಲಿನಿಂದ ಕೆಳಗೆ ತೆಗೆದರು. ಆದರೆ ನಂಜು ರಕ್ತಕ್ಕೆ ಸೇರಿಹೋಗಿತ್ತು.

ಒಮ್ಮೆ ಅವನಿಗೆ ಎಚ್ಚರವಾಯಿತು. ಹೊದಿಕೆಯ ಕೆಳಗೆ ಒಂದು ಕಡೆ ತಗ್ಗಾಗಿರುವುದನ್ನು ನೋಡಿದ. ಹೆಂಡತಿ ಅವನ ಕೈ ಹಿಡಿದಿದ್ದಳು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: “ಅಡ್ಡ ಕಟ್ಟೂದು ತಡ ಆಯ್ತೆ ಅಕ್ಕಾ.” ಅದೇ ಅವನ ಕೊನೆಯ ಮಾತು.

ಗೋವೆಯಲ್ಲಿ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ವಿದ್ಯಾರ್ಥಿನಿ ತನ್ನಲ್ಲಿದ್ದ ಫೇಜುಗಳನ್ನೆಲ್ಲ ಅದರ ಮೇಲೆ ಬಿಟ್ಟು ನೋಡುತ್ತಿದ್ದಳು. ಅವಳ ಫೋನು ಬಂದಾಗ ನಾವು ಕೇಣಿಯ ಸ್ಮಶಾನದಿಂದ ಬಂದು ಜಗಲಿಯಲ್ಲಿ ಕುಳಿತಿದ್ದೆವು. ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. “ಸಿಕ್ಕಿತು ಮೇಡಮ್, ಚೆನ್ನಾಗಿ ತಿಂದಿದೆ, ತಟ್ಟೆ ತಿಳಿಯಾಗಿದೆ” ಎಂದಳು. ನಾನು ಹೇಳಿದೆ. ಆ ತಟ್ಟೆಯನ್ನು ಎಸೆಯುವುದಿಲ್ಲ ಮೇಡಮ್, ಇಟ್ಟುಕೊಂಡಿರುತ್ತೇನೆ ಎಂದಳು.

ಆ ಬ್ಯಾಕ್ಟೀರಿಯಾ ಏನು ಮಾಡಿತ್ತೆಂದು ಅವಳು ಎಷ್ಟೋ ದಿನಗಳ ಮೇಲೆ ನಮ್ಮ ಮನೆಗೆ ಬಂದಾಗ ವಿವರಿಸಿದಳು. ಅದು ತನ್ನ ಮೈಯ ಮೇಲಿನ ಜಾಗವನ್ನು ಬದಲಿಸಿರಲಿಲ್ಲ. ಹಾಗೆ ಬದಲಿಸಿದರೆ ಅದಕ್ಕೇ ನಷ್ಟ, ರೋಗ ಉಂಟುಮಾಡುವ ಶಕ್ತಿ ಕುಂದುತ್ತದೆ. ಅದು ನಮ್ಮ ಚರಂಡಿಯ ಫೇಜಿನ ಡಿಎನ್‌ಎಯಲ್ಲಿ ಒಂದು ಚೂರನ್ನು ಕತ್ತರಿಸಿ ತನ್ನ ಡಿಎನ್‌ಎಯೊಳಗೆ ಸೇರಿಸಿಟ್ಟುಕೊಂಡಿತ್ತು. ಶತ್ರುವಿನ ಗುರುತು ಅದು. ಮತ್ತೆ ಅದೇ ಫೇಜ್ ಬಂದಾಗ ಆ ಗುರುತಿಗೆ ತಾಳೆ ನೋಡಿ ಕತ್ತರಿ ಹಾಕುತ್ತದೆ. ಗುರುತು ಮಕ್ಕಳಿಗೂ ಹೋಗುತ್ತದೆ, ಮೊಮ್ಮಕ್ಕಳಿಗೂ ಹೋಗುತ್ತದೆ. ಮಿದುಳಿಲ್ಲದ, ಬರಿಗಣ್ಣಿಗೆ ಕಾಣದ ಜೀವ ತನಗೆ ಆದ ಕೆಡುಕನ್ನು ಮರೆಯುವುದಿಲ್ಲ. ಈ ಗುಣಕ್ಕಾಗಿ ನನ್ನನ್ನು ಮನೆಯವರು ಆಯುಷ್ಯವಿಡೀ ಹಂಗಿಸಿದ್ದಾರೆ.

ಎರಡನೆಯ ಫೇಜಿನ ವಿಷಯ ಹೇಳುವಾಗ ಅವಳ ದನಿ ತಗ್ಗಿತು. ಅದರ ಬಳಿ ಆ ಕತ್ತರಿಯ ಬಾಯಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ ಒಂದು ಸಣ್ಣ ಪ್ರೋಟೀನು ಇತ್ತು. ಆದರೂ ಮೊದಲು ಒಳಹೊಕ್ಕ ಫೇಜ್ ಬಹಳ ಸಲ ಗೆಲ್ಲುವುದಿಲ್ಲ. ಕತ್ತರಿಯನ್ನು ಅಷ್ಟಿಷ್ಟು ಮೊಂಡು ಮಾಡಿ ತಾನು ಸಾಯುತ್ತದೆ. ಅದೇ ಜೀವಕೋಶಕ್ಕೆ ಅದರ ಹಿಂದೆ ಬಂದದ್ದು ಗೆಲ್ಲುತ್ತದೆ. ಅದಕ್ಕೇ ಒಂದೇ ಸಲಕ್ಕೆ ಸಾಕಷ್ಟು ಫೇಜ್ ಕೊಡಬೇಕು ಮೇಡಮ್, ಕಡಿಮೆ ಕೊಟ್ಟರೆ ಹೋದವು ಸುಮ್ಮನೆ ಸಾಯುತ್ತವೆ ಎಂದಳು. ನನಗೆ ಹಾರೆ ಹಿಡಿದು ಸುಮ್ಮನೆ ನಿಂತವರ ಮುಂದೆ ಒಬ್ಬನೇ ನೀರಿಗಿಳಿದವನ ನೆನಪಾಯಿತು. ಅಂದು ಅವನ ಹಿಂದೆ ಎಲ್ಲರೂ ಇಳಿದಿದ್ದರು. ಆಸ್ಪತ್ರೆಯಲ್ಲಿ ಯಾರೂ ಇಳಿಯಲಿಲ್ಲ.

ಎರಡನೆಯ ಫೇಜ್ ಹೊತ್ತಿಗೆ ಬಂದಿದ್ದರೆ ಅವನು ಬದುಕುತ್ತಿದ್ದ ಎಂದು ನಾನು ಬರೆಯುವುದಿಲ್ಲ. ಆ ಮಾತಿಗೆ ಆಧಾರವಿಲ್ಲ. ಸಕ್ಕರೆ ಕಾಯಿಲೆ ಇತ್ತು, ರಕ್ತ ಸರಿಯಾಗಿ ಪಾದಕ್ಕೆ ಇಳಿಯುತ್ತಿರಲಿಲ್ಲ, ಫೇಜೂ ಸೋಲಬಹುದಿತ್ತು. ಆಧಾರವಿರುವುದನ್ನಷ್ಟೇ ಬರೆಯುತ್ತೇನೆ. ಅವನ ಗಾಯದಲ್ಲಿದ್ದುದನ್ನು ತಿನ್ನುವ ಫೇಜ್ ಇತ್ತು. ಹುಡುಕುವವಳು ಕಾಯುತ್ತ ಕುಳಿತಿದ್ದಳು. ಅವಳಿಗೆ ಬೇಕಾದದ್ದು ಹತ್ತಿಯ ತುದಿಯಷ್ಟು ಕೊಳೆ. ಅದನ್ನು ತೊಳೆದು ಬಿಸಾಡಿದ್ದರು.

ಗೋವೆಯ ವರದಿಗಳನ್ನು ಹಿಡಿದು ನಾನು ಕಾರವಾರದ ಆ ಆಸ್ಪತ್ರೆಗೆ ಹೋಗಿದ್ದೆ. ಕಿರಿಯ ವೈದ್ಯರಿಗೆ ನನ್ನ ಗುರುತು ಹತ್ತಲಿಲ್ಲ. ಯಾವ ರೋಗಿ ಎಂದು ಕೇಳಿದರು. ಹಿರಿಯ ವೈದ್ಯರಿಗೆ ಗುರುತು ಸಿಕ್ಕಿತು. ಈ ಸಲ ಕುರ್ಚಿ ತೋರಿಸಿದರು. ಕೂರಲಿಲ್ಲ. ಆಗಿಹೋದದ್ದಕ್ಕೆ ಏನು ಮಾಡುವುದು, ನಾವು ನಮ್ಮಿಂದಾದಷ್ಟು ಮಾಡಿದೆವು, ನೀವೂ ಓದಿದವರು, ಅರ್ಥ ಮಾಡಿಕೊಳ್ಳಬೇಕು ಎಂದರು. ನಾನು ವಾರ್ಡಿನ ಕಡೆ ನೋಡಿದೆ. ಅವರು ಅಲ್ಲಿಗೆ ಹೋಗುವ ಹೊತ್ತಾಗಿತ್ತು. ಒಳಗೆ ಪಟ್ಟಿಗಳನ್ನು ಬಿಚ್ಚಿ ತೊಳೆಯುತ್ತಿದ್ದರು.

ಆ ಮಳೆಗಾಲದಲ್ಲಿ ಹಾಕಿದ ಒಳಕಟ್ಟು ಈಗಲೂ ನಿಂತಿದೆ. ಅದರ ಈಚೆಗಿನ ಗದ್ದೆಗಳಲ್ಲಿ ಕಗ್ಗ ಬೆಳೆಯುತ್ತದೆ. ಆಚೆಗೆ ತಮ್ಮನ ಗದ್ದೆ ನೀರಿನಲ್ಲಿದೆ. ಇಳಿತದ ಹೊತ್ತಿಗೆ ಅಲ್ಲಿ ಏಡಿ ಬಿಲಗಳು ಕಾಣುತ್ತವೆ. ಅವನ ಹೆಂಡತಿ ಆ ಕಡೆ ಹೋಗುವುದಿಲ್ಲ. ನಾನು ಹೋಗುತ್ತೇನೆ.

ಆ ವಾರ್ಡಿನ ವೈದ್ಯರನ್ನು ಕೇಳಬೇಕಾದದ್ದು ನನಗೆ ಇನ್ನು ಒಂದೇ ಉಳಿದಿದೆ. ಗಾಯ ಇದ್ದದ್ದು ನನ್ನ ತಮ್ಮನ ಕಾಲಿನಲ್ಲಿ. ಅಂದು ಬೆಳಿಗ್ಗೆ ನೀವು ಅದನ್ನು ತೊಳೆದದ್ದು ಯಾರಿಗಾಗಿ?